ಹಾಲಿನಲ್ಲಿ ಸೋಪಿನ ವಾಸನೆ

ಫೆಬ್ರವರಿ 8

ಅಕ್ಕ,

ಬಸ್ ಕಂಡಕ್ಟರ್ ಕೈಯಲ್ಲಿ ಐಸ್ ಪೆಟ್ಟಿಗೆ ಕಳಿಸಿದ್ದೇನೆ. ಮುಚ್ಚಳದ ಕೆಳಗೆ ಈ ಪತ್ರ, ಪತ್ರದ ಕೆಳಗೆ ಗುಬ್ಬಿಗೆ ನನ್ನ ಹಾಲು. ತಂದ ಕೂಡಲೇ ಫ್ರೀಜರಿನಲ್ಲಿಡು. ಕೊಡುವಾಗ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಕರಗಿಸು. ಮೇಲೆ ಕೆನೆ ಕಟ್ಟಿರುತ್ತೆ, ಕೆಟ್ಟಿದೆ ಅಂದುಕೊಳ್ಳಬೇಡ, ಮೆಲ್ಲಗೆ ಅಲ್ಲಾಡಿಸಿದರೆ ಬೆರೆಯುತ್ತೆ. ಸಾಲದಿದ್ದರೆ ಪುಡಿ ಹಾಲು ಕೊಡು, ಆದರೆ ಮೊದಲು ಇದನ್ನು ಕೊಡು.

ಫೋನ್ ಮಾಡುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಬರೆಯುವಾಗ ಕೈ ನಿಧಾನ, ಬಾಯಿಯಷ್ಟು ಅವಸರ ಇಲ್ಲ.

ಹೊರಡುವ ದಿನ ಲಾಂಡ್ರಿ ಬಾಗಿಲಲ್ಲಿ ನಿಂತು, ಗಿರಾಕಿಗಳ ಎದುರಿಗೆ, "ಐದು ತಿಂಗಳ ಕೂಸು ಬಿಟ್ಟು ಕರೆಂಟ್ ಕಂಬ ಹತ್ತೋಕೆ ಹೊರಟಿದ್ದಾಳೆ. ಹಾಲು ಕೊಡದವಳು ಯಾವ ಸೀಮೆ ತಾಯಿ" ಅಂದೆಯಲ್ಲ, ಅದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿವಿಯಲ್ಲಿತ್ತು. ಮೂರು ಸಲ ಅರ್ಜಿ ಹಾಕಿ ಸಿಕ್ಕಿದ ಲೈನ್‌ಮನ್ ತರಬೇತಿಯ ಸೀಟು ಇದು. ಈ ಸಲ ಬಿಟ್ಟರೆ ವಯಸ್ಸು ಮೀರುತ್ತೆ ಅಂತ ನಿನಗೂ ಗೊತ್ತು. ನಮ್ಮ ಮನೆಯವರು ಲಾರಿ ಹತ್ತಿದರೆ ಹದಿನೈದು ದಿನ ಮನೆ ಮುಖ ನೋಡುವುದಿಲ್ಲ. ನಿನ್ನನ್ನು ಬಿಟ್ಟರೆ ಗುಬ್ಬಿಯನ್ನು ಇನ್ಯಾರ ಕೈಗೆ ಕೊಡಲಿ? ಜೂನ್‌ನಲ್ಲಿ ತರಬೇತಿ ಮುಗಿಯುವವರೆಗೆ ರಜೆ ಕೊಡುವುದಿಲ್ಲವಂತೆ, ಆದರೆ ಹಾಲು ಮಾತ್ರ ತಪ್ಪಿಸುವುದಿಲ್ಲ. ವಾರವಾರ ಬರುತ್ತೆ.

ನಿನ್ನ ತಂಗಿ


ಫೆಬ್ರವರಿ 19

ತಂಗಿಗೆ,

ಎರಡು ಪೆಟ್ಟಿಗೆಯೂ ಬಂದವು. ಗುಬ್ಬಿ ಚೆನ್ನಾಗಿದ್ದಾಳೆ. ನಿನ್ನೆಯಿಂದ ತನ್ನ ಕಾಲ ಹೆಬ್ಬೆರಳನ್ನು ಬಾಯಿಗೆ ತಂದುಕೊಳ್ಳುವ ಸರ್ಕಸ್ ನಡೆದಿದೆ.

ಒಂದು ಮಾತು ಹೇಳಬೇಕು. ನೀನು ಬಾಟಲಿ ಸರಿಯಾಗಿ ತೊಳೆಯುತ್ತಿಲ್ಲ. ಕರಗಿಸಿ ಮುಚ್ಚಳ ತೆಗೆದರೆ ಘಂ ಅಂತ ಸೋಪು. ಇಪ್ಪತ್ತು ವರ್ಷದಿಂದ ಊರವರ ಬಟ್ಟೆ ಮೂಸಿ ಮೂಸಿ ಬೆಳೆದ ಮೂಗು ನನ್ನದು. ಅಂಗಿಯ ಕಂಕುಳಲ್ಲಿ ಒಂದು ಚಿಟಿಕೆ ಸೋಪು ಉಳಿದಿದ್ದರೂ ಮಡಿಸುವ ಮೊದಲೇ ಹೇಳುತ್ತೇನೆ. ಮೂರು ನೀರು ಕಾಣದೆ ಒಂದು ಕರವಸ್ತ್ರವೂ ಹೊರಗೆ ಹೋಗಬಾರದು ಅಂತ ಅಮ್ಮ ನಮ್ಮಿಬ್ಬರ ತಲೆಗೂ ಕುಟ್ಟಿ ಕುಟ್ಟಿ ಹೇಳಿದ್ದು ಮರೆತೆಯಾ? ಗಿರಾಕಿಯ ಕರವಸ್ತ್ರಕ್ಕೆ ಮೂರು ನೀರು, ಹೆತ್ತ ಮಗಳ ಬಾಟಲಿಗೆ ಒಂದೇ ನೀರೇ?

ಬೈಯುತ್ತಿಲ್ಲ. ಹೇಳುತ್ತಿದ್ದೇನೆ.

ಅಕ್ಕ


ಫೆಬ್ರವರಿ 26

ಅಕ್ಕ,

ನಿನ್ನ ಪತ್ರ ಓದಿ ಮುಖ ಎತ್ತಲಾಗಲಿಲ್ಲ. ಮೂರು ನೀರು ಹಾಕಿಯೇ ತೊಳೆಯುತ್ತಿದ್ದೆ ಅಂತ ಪ್ರಮಾಣ ಮಾಡುತ್ತೇನೆ. ಆದರೆ ನಿನ್ನ ಮೂಗು ಸುಳ್ಳು ಹೇಳಿದ್ದು ನಾನು ನೋಡಿಲ್ಲ, ಹಾಗಾಗಿ ನನ್ನ ಕೈಯೇ ಸುಳ್ಳು ಹೇಳಿರಬೇಕು. ಇನ್ನು ಮೇಲೆ ಐದು ನೀರು. ಆಮೇಲೆ ಕುದಿಸುತ್ತೇನೆ. ಸೋಪನ್ನೇ ಬಿಟ್ಟಿದ್ದೇನೆ, ಬರೀ ಬಿಸಿನೀರು ಮತ್ತು ಬ್ರಷ್ಷು.

ಇಲ್ಲಿ ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ, ನಗಬೇಡ. ಹಾಲು ತೆಗೆಯಲು ಬೇರೆ ಕೋಣೆ ಇಲ್ಲ. ಪಿಂಗಾಣಿ ಇನ್ಸುಲೇಟರು, ತಂತಿ ಸುರುಳಿ ಇಟ್ಟಿರುವ ಸ್ಟೋರ್ ರೂಮಿನಲ್ಲಿ, ಬಾಗಿಲಿಗೆ ಏಣಿ ಒರಗಿಸಿ ಕೂರುತ್ತೇನೆ. ಚಿಲಕ ಇಲ್ಲ. ಒಮ್ಮೆ ಒಬ್ಬ ಹುಡುಗ ಕ್ಲ್ಯಾಂಪ್ ಹುಡುಕಿಕೊಂಡು ಬಂದು ಏಣಿ ತಳ್ಳಿದ. ಅವನಿಗೂ ನಾಚಿಕೆ, ನನಗೂ ನಾಚಿಕೆ. ಆಮೇಲೆ ಒಂದು ವಾರ ನನ್ನನ್ನು ಕಂಡರೆ ನೆಲ ನೋಡಿಕೊಂಡು ಹೋಗುತ್ತಿದ್ದ.

ಅದಕ್ಕಿಂತ ದೊಡ್ಡದು ಸೋಮವಾರ ಆಯಿತು. ಕಂಬದ ತುದಿಯಲ್ಲಿ ಬೆಲ್ಟ್ ಬಿಗಿದು ನಿಂತಿದ್ದೆ. ಕೆಳಗೆ ಯಾರದೋ ಮಗು ಅತ್ತಿತು. ಅಷ್ಟೆ, ಹಾಲು ಇಳಿದು ಅಂಗಿಯ ಮುಂಭಾಗ ಒದ್ದೆ. ಕೆಳಗೆ ಇಡೀ ಬ್ಯಾಚು ತಲೆ ಎತ್ತಿ ನೋಡುತ್ತಿತ್ತು. ನಾವು ಫ್ಯೂಸ್ ಮೇಷ್ಟ್ರು ಅಂತ ಕರೆಯುವ ನಮ್ಮ ಮೇಷ್ಟ್ರು, ಮುಂಗೋಪಿ, "ಯಾಕಮ್ಮಾ, ಇಳಿಯೋಲ್ವಾ?" ಅಂತ ಕೂಗಿದರು. ಇಳಿಯದೆ ಅಲ್ಲೇ ನಿಂತೆ. ಬಿಸಿಲಿಗೆ ಒಣಗಲಿ ಅಂತ ಕಾದೆ. ಇಳಿದ ಮೇಲೆ ಹೆದರಿಕೊಂಡಳು ಅಂತ ಎಲ್ಲರೂ ನಕ್ಕರು. ಹೆದರಿಕೆ ಅಂತಲೇ ಇರಲಿ, ನಿಜಕ್ಕಿಂತ ಅದು ವಾಸಿ ಅಂದುಕೊಂಡೆ.

ಗುಬ್ಬಿ ಕುಡಿಯುತ್ತಿದ್ದಾಳೆ ತಾನೆ? ಅದೊಂದು ಹೇಳು. ಅವಳು ಕುಡಿಯುತ್ತಾಳೆ ಅಂತಾದರೆ ಇವರೆಲ್ಲ ಎಷ್ಟು ಬೇಕಾದರೂ ನಗಲಿ.

ತಂಗಿ


ಮಾರ್ಚ್ 6

ತಂಗಿಗೆ,

ಕುಡಿಯುತ್ತಿದ್ದಾಳೆ. ಚೆನ್ನಾಗಿ ಕುಡಿಯುತ್ತಿದ್ದಾಳೆ. ಕೆನ್ನೆ ತುಂಬಿಕೊಂಡಿದೆ.

ಇಲ್ಲಿ ಮದುವೆ ಕಾಲದ ಬಟ್ಟೆ ಗುಡ್ಡೆ ಬಿದ್ದಿದೆ, ಎಲ್ಲಾ ಎಣ್ಣೆ ಜಿಡ್ಡೇ. ನಿನ್ನ ಭಾವ ಇಸ್ತ್ರಿ ಮಾಡುತ್ತಾ ಗುಬ್ಬಿಗೆ ಹಾಡು ಹೇಳುತ್ತಾರೆ. ಅವಳು ಅಳುತ್ತಾಳೆ. ಮೆಚ್ಚಿ ಅಳುತ್ತಿದ್ದಾಳೆ ಅಂತ ಇವರು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಕಂಬದ ಮೇಲೆ ಜೋಪಾನ.

ಅಕ್ಕ


ಮಾರ್ಚ್ 13

ಅಕ್ಕ,

ಸೋಪಿನ ಮಾತೇ ಎತ್ತಿಲ್ಲವಲ್ಲ ನೀನು, ಅಂದರೆ ಐದು ನೀರು ಕೆಲಸ ಮಾಡಿದೆ! ಕೆನ್ನೆ ತುಂಬಿಕೊಂಡಿದೆ ಅನ್ನುವ ಸಾಲನ್ನು ಎಷ್ಟು ಸಲ ಓದಿದೆನೋ. ಆ ಕಾಗದವನ್ನು ಹೆಲ್ಮೆಟ್ಟಿನ ಒಳಪಟ್ಟಿಗೆ ಸಿಕ್ಕಿಸಿಕೊಂಡಿದ್ದೇನೆ.

ಕುಡಿಯುವಾಗ ಮೂಗಿನಲ್ಲಿ ಒಂದು ಸದ್ದು ಮಾಡುತ್ತಿದ್ದಳು, ಬಾಗಿಲ ಕೀಲಿನ ಹಾಗೆ. ಈಗಲೂ ಮಾಡುತ್ತಾಳಾ? ನನ್ನ ಹಾಲಿಗೆ ಮಾತ್ರ ಮಾಡುತ್ತಾಳೋ, ಪುಡಿ ಹಾಲಿಗೂ ಮಾಡುತ್ತಾಳೋ? ಹುಚ್ಚು ಪ್ರಶ್ನೆ ಅನ್ನಬೇಡ. ಉತ್ತರ ಬರೆ.

ತಂಗಿ


ಏಪ್ರಿಲ್ 4

ತಂಗಿಗೆ,

ಬರೆಯಲು ತಡವಾಯಿತು. ಸುತ್ತಿ ಬಳಸಿ ಹೇಳುವುದಿಲ್ಲ. ಇನ್ನು ಹಾಲು ಕಳಿಸಬೇಡ.

ನಿನ್ನ ಹಾಲು ಕೆಟ್ಟಿದೆ. ಬಾಟಲಿ ತೊಳೆಯದ್ದರಿಂದ ಅಲ್ಲ, ಹಾಲಿಗೇ ಸೋಪಿನ ವಾಸನೆ ಬಂದಿದೆ. ಬಿಸಿಲು, ದಣಿವು, ಅಲ್ಲಿಯ ಕ್ಯಾಂಟೀನಿನ ಕರಿದ ಎಣ್ಣೆ, ಯಾವುದರಿಂದ ಅಂತ ನಾನು ಹೇಗೆ ಹೇಳಲಿ? ನಂಬದಿದ್ದರೆ ನೀನೇ ಕರಗಿಸಿ ಬಾಯಿಗೆ ಹಾಕಿಕೊಂಡು ನೋಡು. ಪುಡಿ ಹಾಲಿನಲ್ಲಿ ಗುಬ್ಬಿ ಸುಖವಾಗಿದ್ದಾಳೆ. ನೀನು ಸುಮ್ಮನೆ ಮೈ ಹಿಂಡಿಕೊಳ್ಳುವುದು ಬೇಡ. ತರಬೇತಿ ಮುಗಿಸು.

ಅಕ್ಕ


ಏಪ್ರಿಲ್ 9

ಅಕ್ಕ,

ನೋಡಿದೆ. ನಿಜ. ಸೋಪು ನೆಕ್ಕಿದ ಹಾಗೇ ಇತ್ತು.

ನಿನ್ನ ಕಾಗದ ಸಿಕ್ಕ ದಿನವೇ ನಿಲ್ಲಿಸಿದೆ. ಎರಡು ತಿಂಗಳು ಇದನ್ನೇ ಅವಳಿಗೆ ಕುಡಿಸಿದೆನಲ್ಲ ಅಂತ ನೆನೆದರೆ ಮೈ ಮುದುಡುತ್ತೆ. ಮೂಕ ಕೂಸು, ಬೇಡ ಅನ್ನಲು ಬಾಯಿಲ್ಲ. ನನ್ನಿಂದ ಅವಳಿಗೆ ಸಿಗುತ್ತಿದ್ದುದು ಇದೊಂದೇ, ಅದೂ ಹೀಗೆ. ಅವತ್ತು ಬಾಗಿಲಲ್ಲಿ ನೀನು ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಮನೆಯವರಿಗೆ ಹೇಳಬೇಡ.

ತಂಗಿ


ಏಪ್ರಿಲ್ 17

ಅಕ್ಕ, ಅಕ್ಕ,

ಮೊದಲು ಕೂತುಕೋ. ನನ್ನ ಹಾಲು ಕೆಟ್ಟಿರಲಿಲ್ಲ!

ಒಮ್ಮೆಲೇ ನಿಲ್ಲಿಸಿದ್ದಕ್ಕೆ ಎದೆ ಕಲ್ಲಾಗಿ ಜ್ವರ ಬಂತು. ಹಾಜರಿ ಕರೆಯುವಾಗ ಕುಸಿದು ಕೂತೆ. ಫ್ಯೂಸ್ ಮೇಷ್ಟ್ರೇ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ನೋಡಿ, "ಯಾಕ್ರೀ ಹೀಗೆ ದಿಢೀರ್ ಅಂತ ನಿಲ್ಲಿಸಿದ್ರಿ?" ಅಂತ ಗದರಿದರು. ತಲೆ ತಗ್ಗಿಸಿಕೊಂಡು, ನನ್ನ ಹಾಲು ಸೋಪಾಗುತ್ತೆ ಡಾಕ್ಟ್ರೇ, ಅಂದೆ. ಅವರು ನಕ್ಕುಬಿಟ್ಟರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು. ನಿನಗೆ ನಮ್ಮ ಲಾಂಡ್ರಿ ಭಾಷೆಯಲ್ಲಿ ಹೇಳುತ್ತೇನೆ.

ಹಾಲಿನಲ್ಲಿರುವ ಕೊಬ್ಬು ನೀರಿಗೆ ಸೇರುವ ಜಾತಿಯಲ್ಲ. ಕಾಲರಿನ ಜಿಡ್ಡು ಬರೀ ನೀರಿಗೆ ಜಗ್ಗದಿರುವುದು ಇದಕ್ಕೇ. ಹಾಗಾಗಿ ಹಾಲಿನಲ್ಲಿ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ತೇಲುತ್ತಿರುತ್ತೆ. ಒಂದೊಂದು ಹನಿಗೂ ಒಂದು ತೆಳು ಪೊರೆ. ಆ ಪೊರೆಯೂ ಕೊಬ್ಬಿನ ನೆಂಟನೇ, ಆದರೆ ಎರಡು ಮನೆಯ ನೆಂಟ: ಒಂದು ತುದಿಗೆ ನೀರು ಬೇಕು, ಇನ್ನೊಂದು ತುದಿಗೆ ಜಿಡ್ಡು ಬೇಕು. ನಮ್ಮ ಸೋಪಿನ ಗುಣವೂ ಅದೇ ಅಲ್ಲವಾ? ನಮ್ಮ ಮೈಯ ಒಂದೊಂದು ಜೀವಕಣಕ್ಕೂ ಅಂಥದ್ದೇ ಪೊರೆಯಂತೆ. ಅದಿಲ್ಲದಿದ್ದರೆ ಒಳಗಿನದು ಒಳಗೆ, ಹೊರಗಿನದು ಹೊರಗೆ ಅಂತ ನಿಲ್ಲುವುದೇ ಇಲ್ಲವಂತೆ.

ಇನ್ನು ವಾಸನೆಯ ವಿಷಯ. ಕೂಸಿನ ಹೊಟ್ಟೆಗೆ ಕೊಬ್ಬು ಸುಲಭವಾಗಿ ಅರಗಲಿ ಅಂತ ತಾಯಿಯ ಹಾಲಿನಲ್ಲೇ ಕೊಬ್ಬನ್ನು ಒಡೆಯುವ ಒಂದು ಕಿಣ್ವ ಇರುತ್ತೆ. ಕೆಲವರ ಹಾಲಿನಲ್ಲಿ ಅದರ ಆರ್ಭಟ ಜಾಸ್ತಿ. ಫ್ರೀಜರಿನಲ್ಲಿಟ್ಟರೂ ಅದು ಸುಮ್ಮನಿರುವುದಿಲ್ಲ, ನಿಧಾನವಾಗಿ ಒಡೆಯುತ್ತಲೇ ಇರುತ್ತೆ. ಕೊಬ್ಬು ಒಡೆದರೆ ಕೊಬ್ಬಿನ ಆಮ್ಲ ಬಿಡುಗಡೆ. ಸೋಪು ಕಾಯಿಸುವವರು ಎಣ್ಣೆಯಿಂದ ತೆಗೆಯುವುದೂ ಅದನ್ನೇ! ನಿನ್ನ ಮೂಗು ತಪ್ಪಿಲ್ಲ ಅಕ್ಕ. ನನ್ನ ಕೈಯೂ ತಪ್ಪಿಲ್ಲ. ಹಾಲನ್ನು ತೆಗೆದ ಕೂಡಲೇ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಷ್ಟು ಬಿಸಿ ಮಾಡಿ, ತಣಿಸಿ, ಆಮೇಲೆ ಫ್ರೀಜ್ ಮಾಡಿದ್ದರೆ ವಾಸನೆಯೇ ಬರುತ್ತಿರಲಿಲ್ಲ. ಬಂದರೂ ತೊಂದರೆ ಇಲ್ಲ, ಕೂಸು ಕುಡಿದರೆ ಧಾರಾಳವಾಗಿ ಕುಡಿಸಬಹುದು.

ಕೊಬ್ಬು ಅಂದರೆ ಬರೀ ದಪ್ಪ ಆಗುವುದು ಅಂದುಕೊಂಡಿದ್ದೆ. ಡಾಕ್ಟರಮ್ಮ ಒಂದೊಂದೇ ಹೇಳುತ್ತಾ ಹೋದರು. ಹಸಿದ ಹೊತ್ತಿಗೆ ಇಟ್ಟುಕೊಂಡ ಬುತ್ತಿ ಅದು, ಚರ್ಮದ ಕೆಳಗಿನ ಕಂಬಳಿ ಅದು, ಕೆಲವು ಜೀವಸತ್ವಗಳು ಮೈಗೆ ಸೇರಲು ಅದೇ ಗಾಡಿ. ಎಲ್ಲರೂ ಬಯ್ಯುವ ಕೊಲೆಸ್ಟ್ರಾಲ್ ಇಲ್ಲದಿದ್ದರೆ ಹಾರ್ಮೋನುಗಳೇ ತಯಾರಾಗದೆ ಹೆಣ್ಣು ಹೆಣ್ಣಾಗುವುದಿಲ್ಲ, ಗಂಡು ಗಂಡಾಗುವುದಿಲ್ಲವಂತೆ. ನನಗೆ ತುಂಬ ಹಿಡಿಸಿದ್ದು ನರದ ಮಾತು. ನಾವು ತಂತಿಗೆ ಪ್ಲಾಸ್ಟಿಕ್ ಹೊದಿಸುವ ಹಾಗೆ ಕೂಸಿನ ನರಗಳಿಗೆ ಮೊದಲ ವರ್ಷಗಳಲ್ಲಿ ಕೊಬ್ಬಿನ ಹೊದಿಕೆ ಸುತ್ತಿಕೊಳ್ಳುತ್ತಾ ಹೋಗುತ್ತಂತೆ. ಹೊದಿಕೆ ಇದ್ದರೇ ಸಂದೇಶ ಚುರುಕಾಗಿ ಓಡುವುದು. ನಾನು ಇಲ್ಲಿ ಕಂಬದ ಮೇಲೆ ತಂತಿ ಎಳೆಯುತ್ತಿದ್ದಾಗ ಅಲ್ಲಿ ನನ್ನ ಹಾಲು ನನ್ನ ಮಗಳ ತಂತಿಗೆ ಹೊದಿಕೆ ಹಾಕುತ್ತಿತ್ತು ಅಕ್ಕ! ಆಸ್ಪತ್ರೆ ಅನ್ನುವುದನ್ನೂ ಮರೆತು ಅತ್ತುಬಿಟ್ಟೆ.

ಒಂದೇ ಒಂದು ವಿಷಯ. ಡಾಕ್ಟರಮ್ಮ, "ಮಗು ಕುಡೀತಿತ್ತಾ?" ಅಂತ ಕೇಳಿದರು. ಎಲ್ಲಾ ಕುಡಿಯುತ್ತಿದ್ದಳು, ಅಕ್ಕ ಬರೆದಿದ್ದಾಳೆ, ಅಂದೆ. "ಹಾಗಾದ್ರೆ ನಿಲ್ಸು ಅಂದಿದ್ದು ಯಾಕೆ?" ಅಂದರು. ನಿನಗೆ ಹೆದರಿಕೆ ಆಗಿರಬೇಕು, ಅಲ್ಲವಾ?

ಮತ್ತೆ ಹಾಲು ಬರಿಸಲು ಪ್ರಯತ್ನ ಮಾಡುತ್ತಿದ್ದೇನೆ. ಬೇಗ ಬರೆ.

ತಂಗಿ


ಮೇ 2

ನಾದಿನಿಗೆ,

ನಿನ್ನ ಭಾವ ಬರೆಯುವುದು. ನನ್ನ ಅಕ್ಷರ ಕಂಡು ಗಾಬರಿಯಾಗಬೇಡ, ಎಲ್ಲರೂ ಆರೋಗ್ಯವಾಗಿದ್ದೇವೆ. ಗುಬ್ಬಿ ಅಂಬೆಗಾಲಿಡಲು ಹೋಗುತ್ತಾಳೆ, ಮುಂದೆ ಹೋಗುವ ಬದಲು ಹಿಂದಕ್ಕೇ ಜಾರಿ ಆಮೆಯ ಹಾಗೆ ಸಿಟ್ಟಾಗುತ್ತಾಳೆ. ಫೋಟೋ ಇಟ್ಟಿದ್ದೇನೆ, ತೊಡೆ ನೋಡು, ಎಷ್ಟು ಮಡಿಕೆ ಅಂತ.

ನಿನ್ನ ಅಕ್ಕನಿಗೆ ಏನೋ ಆಗಿದೆ. ನಿನ್ನ ಕಾಗದ ಬಂದಾಗಿನಿಂದ ತೊಳೆದ ಬಟ್ಟೆಯನ್ನೇ ತೊಳೆಯುತ್ತಾಳೆ. ಏನೇ ಅಂದರೆ "ನಿಮಗ್ಯಾಕೆ" ಅನ್ನುತ್ತಾಳೆ. ಬರೆಯಲು ಕೂರುತ್ತಾಳೆ, ಹರಿಯುತ್ತಾಳೆ. ಅಕ್ಕ ತಂಗಿಯರ ನಡುವೆ ಬಾಯಿ ಹಾಕಿ ಬದುಕಿ ಬಂದ ಗಂಡಸು ಯಾರಿದ್ದಾನೆ? ಆದರೂ ನೀನೇ ಎರಡು ಮಾತು ಮೊದಲು ಬರೆ.

ಭಾವ


ಮೇ 5

ತಂಗಿಗೆ,

ಗುಬ್ಬಿ ನಿನ್ನ ಹಾಲು ಕುಡಿದಿಲ್ಲ.

ಇದೊಂದು ಸಾಲು ಬರೆಯಲು ಇಷ್ಟು ದಿನ ಬೇಕಾಯಿತು. ಇನ್ನು ಉಳಿದದ್ದೂ ಬರೆದುಬಿಡುತ್ತೇನೆ, ತಡೆದು ಓದು.

ಮೊದಲ ಎರಡು ಪೆಟ್ಟಿಗೆ ಚೆಲ್ಲಿದ್ದು ಸೋಪು ಅಂತ ನಂಬಿ. ಅದಕ್ಕೆ ನನಗೆ ನಾಚಿಕೆ ಇಲ್ಲ. ಕೂಸಿನ ಬಾಯಿಗೆ ಸೋಪು ಹಾಕಲೇ? ನಿನಗೆ ಹೇಳಿದರೆ ನೊಂದುಕೊಳ್ಳುತ್ತೀ ಅಂತ ಚೆಲ್ಲಿದ ಮಾತು ಬರೆಯಲಿಲ್ಲ, ತೊಳೆ ಅಂತ ಮಾತ್ರ ಬರೆದೆ. ಮೂರನೇ ಪೆಟ್ಟಿಗೆ ಬಂದ ಮೇಲೆ ಒಂದು ದಿನ ನಾನು ಬಟ್ಟೆ ಕೊಟ್ಟು ಬರಲು ಹೋಗಿದ್ದಾಗ ನಿನ್ನ ಭಾವ ಒಂದು ಬಾಟಲಿ ಕರಗಿಸಿ ಕುಡಿಸಿದ್ದಾರೆ. ಗಟಗಟ ಕುಡಿದು, ತೇಗಿ, ಮಲಗಿದಳಂತೆ. ಸೋಪಿನ ವಾಸನೆ ಇತ್ತಲ್ಲಾ ಅಂದೆ. "ನಿನಗೆ ಮಳೆ ನೀರಲ್ಲೂ ಸೋಪಿನ ವಾಸನೆ ಬರುತ್ತೆ" ಅಂತ ನಕ್ಕರು. ಒಂದು ಹಗಲು ಒಂದು ರಾತ್ರಿ ಅವಳ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದೆ. ಏನೂ ಆಗಲಿಲ್ಲ.

ಆಗ ನನಗೆ ಗೊತ್ತಾಯಿತು ತಂಗಿ. ಯಾಕೆ ಹಾಗೆ ವಾಸನೆ ಅಂತ ಗೊತ್ತಾಗಲಿಲ್ಲ, ಕುಡಿಯಬಹುದು ಅಂತ ಗೊತ್ತಾಯಿತು. ಮಾರನೆಯ ಬೆಳಿಗ್ಗೆ ನಾನು ಪುಡಿ ಹಾಲು ಕೊಟ್ಟರೆ ಮುಖ ತಿರುಗಿಸಿದಳು. ನನ್ನ ಕೈಯನ್ನು ತಳ್ಳಿದಳು. ಉಳಿದ ಬಾಟಲಿಗಳನ್ನು ಅವತ್ತೇ ಚೆಲ್ಲಿದೆ. ನಿನ್ನ ಭಾವನಿಗೆ, ವಾಂತಿ ಮಾಡಿಕೊಂಡಳು, ಇನ್ನು ಅದನ್ನು ಮುಟ್ಟಬೇಡಿ, ಅಂದೆ. ಮಾಡಿಕೊಂಡಿರಲಿಲ್ಲ.

ಆಮೇಲೆ ಬಂದದ್ದನ್ನೆಲ್ಲ ಬಟ್ಟೆ ನೆನೆಸಿದ ನೊರೆ ನೀರಿನ ಜೊತೆಗೇ ಮೋರಿಗೆ ಬಿಡುತ್ತಿದ್ದೆ. ಬಿಳಿಗೆ ಬಿಳಿ ಸೇರಿ ಹೋಗುತ್ತಿತ್ತು. ಯಾಕೆ ಅಂತ ಕೇಳುತ್ತೀ. ಬಾಗಿಲಲ್ಲಿ ಊರವರ ಎದುರಿಗೆ ಆಡಿದ ಮಾತು ನಿಜವಾಗಬೇಕಿತ್ತು. ನೀನು ಅಲ್ಲಿದ್ದುಕೊಂಡೇ ಕಂಬವನ್ನೂ ಹತ್ತಿ, ಹಾಲನ್ನೂ ಕಳಿಸಿ, ತಾಯಿಯೂ ಆಗಿಬಿಟ್ಟರೆ ನಾನು ಆಡಿದ್ದೇನು, ಇಷ್ಟು ವರ್ಷ ಅಂಗಡಿ, ಮಕ್ಕಳು ಅಂತ ಎಲ್ಲಿಗೂ ಹೋಗದೆ ಕೂತದ್ದೇನು? ನನ್ನಿಬ್ಬರು ಹುಡುಗರೂ ತಲೆ ಸವರಲು ಹೋದರೆ ತಪ್ಪಿಸಿಕೊಳ್ಳುವ ವಯಸ್ಸಿಗೆ ಬಂದಿದ್ದಾರೆ. ಇವಳು ನನ್ನ ಕೈಯಿಂದ ಕುಡಿದು ನನ್ನ ಭುಜದ ಮೇಲೆ ನಿದ್ದೆ ಹೋಗುತ್ತಿದ್ದಳು. ಹೊಟ್ಟೆಕಿಚ್ಚು ಅನ್ನು, ಬೇರೆ ಹೆಸರು ಹುಡುಕಬೇಡ.

ಕಂಬದ ಮೇಲೆ ಅಂಗಿ ಒದ್ದೆಯಾದದ್ದು ಬರೆದೆಯಲ್ಲ, ಅದನ್ನು ಓದಿದ ದಿನವೂ ಚೆಲ್ಲಿದೆ. ಮೂಗಿನ ಸದ್ದು ಕೇಳಿದೆಯಲ್ಲ, ಅದಕ್ಕೆ ನನ್ನಿಂದ ಉತ್ತರ ಬರೆಯಲಾಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಮಗು ಹಾಲಾ, ಜೋಪಾನ ಕಣಮ್ಮಾ" ಅಂತ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಕೊಡುತ್ತಿದ್ದ. ಅವನ ಮುಖ ನೋಡಲಾಗದೆ ಕಡೆಗೆ ನಿಲ್ಲಿಸು ಅಂತ ಬರೆದೆ. ಚೆಲ್ಲುವುದನ್ನು ಬಿಡಲಿಲ್ಲ ನೋಡು, ನಿನ್ನನ್ನೇ ನಿಲ್ಲಿಸಿದೆ. ಕೆಟ್ಟದ್ದು ನಿನ್ನ ಹಾಲು ಅಂತಲೂ ಬರೆದೆ.

ಈಗ ಅವಳನ್ನು ಎತ್ತಿಕೊಂಡಾಗಲೆಲ್ಲ ನಿನ್ನ ಡಾಕ್ಟರಮ್ಮ ಹೇಳಿದ ಹೊದಿಕೆ ನೆನಪಾಗುತ್ತೆ. ಅವಳು ಕೈ ಕಾಲು ಆಡಿಸುವುದರಲ್ಲಿ ಒಂದು ಕ್ಷಣ ತಡವಾದರೂ ಹೆದರಿ ಅಂಗಾಲಿಗೆ ಕಚಗುಳಿ ಇಟ್ಟು ನೋಡುತ್ತೇನೆ. ನಾಚಿಕೆಯಿಂದ ಸಾಯುವುದು ಅನ್ನುತ್ತಾರೆ, ಸಾಯುವುದಿಲ್ಲ, ದಿನಾ ಎದ್ದು ಅಂಗಡಿ ಬಾಗಿಲು ತೆಗೆಯಬೇಕಾಗುತ್ತೆ. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ.

ಅಕ್ಕ


ಮೇ 12

ಅಕ್ಕ,

ಕಾಗದ ಬಂತು. ಈಗ ಏನೂ ಬರೆಯಲಾರೆ.

ತಂಗಿ


ಜೂನ್ 20

ಅಕ್ಕ,

ನಿನ್ನ ಕಾಗದ ಓದಿದ ದಿನ ಎದುರಿಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬಸ್ಸು ಹತ್ತಿ ಬಂದು ಗುಬ್ಬಿಯನ್ನು ಕಿತ್ತುಕೊಂಡು ಹೋಗಬೇಕು ಅನ್ನಿಸಿತ್ತು. ಎಲ್ಲಿಗೆ? ಈ ಸ್ಟೋರ್ ರೂಮಿಗಾ? ಅದೂ ಆಗದು ಅಂತ ಗೊತ್ತಿದ್ದೇ ನಿನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು. ಈಗಲೂ ಇದೆ. ಇರುತ್ತೆ. ಹೋಗು ಅಂದರೆ ಹೋಗುವ ಸಿಟ್ಟಲ್ಲ ಇದು.

ಹಾಲು ವಾಪಸ್ ಬರಲಿಲ್ಲ. ಡಾಕ್ಟರಮ್ಮ ಹೇಳಿದ್ದೆಲ್ಲ ಮಾಡಿದೆ. ಬಾಟಲಿಯ ತಳ ಮುಚ್ಚುವಷ್ಟೂ ಬರಲಿಲ್ಲ, ಆಮೇಲೆ ಅದೂ ಇಲ್ಲ. ಪುಡಿ ಹಾಲಿನಲ್ಲೂ ಬೇಕಾದ ಕೊಬ್ಬು ಇರುತ್ತೆ, ಮಗುವಿಗೆ ಏನೂ ಕೊರತೆಯಾಗಿಲ್ಲ, ಸುಮ್ಮನೆ ಹೆದರಬೇಡಿ ಅಂತ ಅವರು ಎರಡೆರಡು ಸಲ ಹೇಳಿದರು. ಇದನ್ನು ನಿನಗೆ ಬೇಗ ತಿಳಿಸಬಹುದಿತ್ತು. ಬೇಕಂತಲೇ ತಿಳಿಸಲಿಲ್ಲ. ನೀನು ಅವಳ ಕೈ ಕಾಲು ನೋಡಿ ನೋಡಿ ಹೆದರುತ್ತಿರು ಅಂತ ಬಿಟ್ಟೆ. ಈಗ ನಾಚಿಕೆ ಆಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಇನ್ನೂ ಒಂದಿದೆ. ನಿಲ್ಲಿಸು ಅಂತ ನೀನು ಬರೆದ ದಿನ ನಾನು ಅತ್ತೆ. ಆದರೆ ಅಳುವುದಕ್ಕೆ ಮುಂಚೆ, ಒಂದು ಗಳಿಗೆ, ಸದ್ಯ ಇನ್ನು ಆ ಕೋಣೆಗೆ ಹೋಗಬೇಕಾಗಿಲ್ಲ ಅನ್ನಿಸಿತು. ಹಗುರಾಯಿತು ಅಕ್ಕ. ಎರಡು ತಿಂಗಳು ಕುಡಿದ ಕೂಸಿಗೆ ಏನೂ ಆಗಿಲ್ಲವಲ್ಲ, ಕೆಟ್ಟದ್ದು ಹೇಗೆ ಅಂತ ನಾನು ಅವತ್ತೇ ಕೇಳಬಹುದಿತ್ತು. ಕೇಳಲಿಲ್ಲ. ನೀನು ಹೇಳಿದ ಸುಳ್ಳು ನನಗೆ ಬೇಕಾಗಿತ್ತು. ಇದರಿಂದ ನಿನ್ನ ತಪ್ಪು ಕಡಿಮೆಯಾಗುವುದಿಲ್ಲ. ನನಗೆ ನನ್ನ ಪಾಲಿನದು ಗೊತ್ತಿದೆ ಅಂತ ಹೇಳಿದೆ, ಅಷ್ಟೆ.

ಭಾವ ಕಳಿಸಿದ ಫೋಟೋ ಗೋಡೆಗೆ ಅಂಟಿಸಿಲ್ಲ, ದಿಂಬಿನ ಕೆಳಗಿದೆ. ಎಷ್ಟು ತುಂಬಿಕೊಂಡಿದ್ದಾಳೆ! ಮೊಣಕೈ ಎಲ್ಲಿದೆ ಅಂತ ಹುಡುಕಬೇಕು. ತಪ್ಪು ಹುಡುಕಲಿಕ್ಕೆ ಅಂತಲೇ ಆ ಫೋಟೋ ನೋಡಿದೆ, ಎಲ್ಲೋ ಬಾಡಿರಬೇಕು, ಎಲ್ಲೋ ಸೊರಗಿರಬೇಕು ಅಂತ. ಹೆತ್ತ ಮಗಳು ಸೊರಗಿರಲಿ ಅಂತ ಹುಡುಕಿದೆ. ಸಿಗಲಿಲ್ಲ. ಆ ಮಡಿಕೆಗಳಲ್ಲಿ ನಾನು ಕಳಿಸಿದ್ದು ಅಂದರೆ ಭಾವ ಕುಡಿಸಿದ ಆ ಒಂದು ಬಾಟಲಿ ಮಾತ್ರ. ಉಳಿದದ್ದೆಲ್ಲಾ ನೀನು ಹೊತ್ತು ಹೊತ್ತಿಗೆ ಎದ್ದು ಕುಡಿಸಿದ್ದು.

ಪರೀಕ್ಷೆ ಮುಗಿಯಿತು, ಪಾಸಾಗಿದ್ದೇನೆ. ಬರುವ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನಿನ್ನ ಜೊತೆ ಮಾತಾಡುತ್ತೇನೋ ಇಲ್ಲವೋ ಈಗಲೇ ಹೇಳಲಾರೆ. ಆದರೆ ಒಂದು ಕೆಲಸ ಮಾಡಬೇಕು ನೀನು. ನನಗೆ ಮುಖ ತೋರಿಸಲು ನಾಚಿಕೆ ಅಂತ ಅವಳನ್ನು ಭಾವನ ಕೈಯಲ್ಲಿ ಕೊಟ್ಟು ಒಳಗೆ ಸೇರಿಕೊಳ್ಳಬೇಡ. ನೀನೇ ಎತ್ತಿಕೊಂಡಿರು. ನಾನು ಕೈ ಚಾಚುತ್ತೇನೆ, ಅವಳಿಗೆ ನನ್ನ ಗುರುತು ಇರುವುದಿಲ್ಲ, ಅಳುತ್ತಾಳೆ. ಆಗ ಅವಳನ್ನು ನನ್ನ ಎದುರಿಗೇ ಸಮಾಧಾನ ಮಾಡು. ನೀನು ಹೇಗೆ ಎತ್ತುತ್ತೀ, ಏನಂತ ಕರೆಯುತ್ತೀ, ಎಲ್ಲಿ ತಟ್ಟುತ್ತೀ ಅಂತ ನಾನು ನಿನ್ನಿಂದ ಕಲಿಯಬೇಕು.

ತಂಗಿ